ಶಸ್ತ್ರಕ್ರಿಯಾ ನೆರವಿನ ತ್ವರಿತ ದಂತಚಲನೆ

ಶಸ್ತ್ರಕ್ರಿಯಾ ನೆರವಿನ ತ್ವರಿತ ದಂತಚಲನೆ ಎಂಬುದು ವಕ್ರದಂತ ಚಿಕಿತ್ಸೆಯಲ್ಲಿ, ಅಂದರೆ ತಂತಿ ಅಥವಾ ಕ್ಲಿಪ್ ಹಾಕಿ ಹಲ್ಲುಗಳನ್ನು ಸಾಲುಗೂಡಿಸುವ ಚಿಕಿತ್ಸೆಯಲ್ಲಿ, ದವಡೆಯ ಮೂಳೆಗೆ ಸಣ್ಣ ಪ್ರಮಾಣದ ಗಾಯವನ್ನು ಉದ್ದೇಶಪೂರ್ವಕವಾಗಿ ಮಾಡಿ ಹಲ್ಲುಗಳು ಜರುಗುವ ವೇಗವನ್ನು ತಾತ್ಕಾಲಿಕವಾಗಿ ಹೆಚ್ಚಿಸುವ ವಿಧಾನಗಳ ಸಮೂಹವಾಗಿದೆ. ಕಾರ್ಟಿಕಾಟಮಿ, ಪೀಜೋಸಿಷನ್, ಸೂಕ್ಷ್ಮ ಮೂಳೆರಂಧ್ರ ವಿಧಾನ ಮುಂತಾದವು ಇದರ ಮುಖ್ಯ ಪ್ರಕಾರಗಳು. ಇವುಗಳಲ್ಲಿ ಶಸ್ತ್ರಕ್ರಿಯೆಯು ಹಲ್ಲನ್ನು ತಾನೇ ಸರಿಸುವುದಿಲ್ಲ. ಸರಿಸುವ ಕೆಲಸವನ್ನು ಎಂದಿನಂತೆ ತಂತಿಯೇ ಮಾಡುತ್ತದೆ. ಹಲ್ಲು ಸಾಗಬೇಕಾದ ದಾರಿಯಲ್ಲಿರುವ ಮೂಳೆಯನ್ನು ಕೆಲವು ತಿಂಗಳುಗಳ ಮಟ್ಟಿಗೆ ಮೆದುಗೊಳಿಸುವುದಷ್ಟೇ ಶಸ್ತ್ರಕ್ರಿಯೆಯ ಪಾತ್ರ.

ಚಿಕಿತ್ಸೆಯ ಅವಧಿಯನ್ನು ಕಡಿಮೆ ಮಾಡಬೇಕೆಂಬ ಬಯಕೆ ರೋಗಿಗಳಲ್ಲಿಯೂ ವೈದ್ಯರಲ್ಲಿಯೂ ಇರುವುದರಿಂದ ಈ ವಿಧಾನಗಳು 21ನೆಯ ಶತಮಾನದಲ್ಲಿ ಹೆಚ್ಚು ಪ್ರಚಾರ ಪಡೆದಿವೆ. ಆದರೆ ಅವುಗಳಿಂದ ದೊರೆಯುವ ಲಾಭ ಎಷ್ಟು, ಅದು ಎಷ್ಟು ಕಾಲ ಉಳಿಯುತ್ತದೆ, ಆ ಲಾಭಕ್ಕಾಗಿ ಶಸ್ತ್ರಕ್ರಿಯೆಯ ನೋವು ಮತ್ತು ವೆಚ್ಚವನ್ನು ಸಹಿಸುವುದು ತಕ್ಕುದೇ ಎಂಬ ಪ್ರಶ್ನೆಗಳು ಇಂದಿಗೂ ಚರ್ಚೆಯಲ್ಲಿವೆ.

ಹಿನ್ನೆಲೆ: ಹಲ್ಲು ಜರುಗುವ ಬಗೆ

ಹಲ್ಲಿನ ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಬೇರು ಮತ್ತು ಮೂಳೆಯ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವೊಂದಿದೆ. ಇದನ್ನು ಪೆರಿಯೊಡಾಂಟಲ್ ಲಿಗಮೆಂಟ್ ಎನ್ನುತ್ತಾರೆ. ರಕ್ತನಾಳಗಳೂ ನರಗಳೂ ಜೀವಕೋಶಗಳೂ ತುಂಬಿರುವ ಈ ಪದರವೇ ಹಲ್ಲಿನ ಚಲನೆಗೆ ಆಧಾರ. ತಂತಿಯು ಹಲ್ಲನ್ನು ಒಂದು ದಿಕ್ಕಿಗೆ ಒತ್ತಿದಾಗ ಆ ಬದಿಯ ನಾರಿನ ಪದರ ಅಮುಕಿಕೊಳ್ಳುತ್ತದೆ, ಎದುರು ಬದಿಯದು ಹಿಗ್ಗುತ್ತದೆ. ಒತ್ತಡ ಬಿದ್ದ ಬದಿಯಲ್ಲಿ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಮೂಳೆಯನ್ನು ಕರಗಿಸುತ್ತವೆ. ಎಳೆತ ಬಿದ್ದ ಬದಿಯಲ್ಲಿ ಆಸ್ಟಿಯೋಬ್ಲಾಸ್ಟ್ ಎಂಬ ಜೀವಕೋಶಗಳು ಹೊಸ ಮೂಳೆಯನ್ನು ಕಟ್ಟುತ್ತವೆ. ಹೀಗೆ ಮುಂದಿನ ಗೋಡೆ ಕರಗುತ್ತ, ಹಿಂದಿನ ಗೋಡೆ ತುಂಬುತ್ತ ಹಲ್ಲು ತನ್ನ ಗೂಡಿನೊಡನೆಯೇ ಸ್ಥಳಾಂತರಗೊಳ್ಳುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಅವರು 20ನೆಯ ಶತಮಾನದ ಆರಂಭದಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ತಿಳಿವಳಿಕೆಗೆ ತಳಹದಿ ಹಾಕಿದವು.

ಒತ್ತಡವನ್ನು ಹೆಚ್ಚಿಸಿದರೆ ಹಲ್ಲು ಬೇಗ ಜರುಗಬಹುದೆಂಬ ಊಹೆ ಸಹಜ. ಆದರೆ ವಾಸ್ತವ ಅದಕ್ಕೆ ವಿರುದ್ಧವಾಗಿದೆ. ಒತ್ತಡ ಮಿತಿಮೀರಿದಾಗ ನಾರಿನ ಪದರದ ರಕ್ತಸಂಚಾರ ನಿಂತು, ಆ ಭಾಗದ ಜೀವಕೋಶಗಳು ಸಾಯುತ್ತವೆ. ಆ ನಿರ್ಜೀವ ಭಾಗ ತೆರವಾಗುವವರೆಗೆ ಹಲ್ಲು ಇದ್ದಲ್ಲಿಯೇ ನಿಲ್ಲುತ್ತದೆ. ಜೊತೆಗೆ ಬೇರಿನ ತುದಿ ಕರಗುವ ಅಪಾಯವೂ ಹೆಚ್ಚುತ್ತದೆ. ಆದುದರಿಂದ ವೇಗದ ಮಿತಿಯು ತಂತಿಯ ಬಲದಲ್ಲಿ ಇಲ್ಲ, ಮೂಳೆಯು ಕರಗಿ ಮರಳಿ ಕಟ್ಟಿಕೊಳ್ಳುವ ಜೈವಿಕ ಗತಿಯಲ್ಲಿದೆ. ಸಾಮಾನ್ಯವಾಗಿ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸಾಗುತ್ತದೆ.

ಅವಧಿಯ ಪ್ರಶ್ನೆ

ಅಂಟಿಸಿದ ಕ್ಲಿಪ್ಪುಗಳಿಂದ ಮಾಡುವ ಪೂರ್ಣ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಬೇಕಾಗುತ್ತದೆ. ಹಲ್ಲು ಕೀಳಿಸಿ ಜಾಗ ಮಾಡಿಕೊಳ್ಳಬೇಕಾದ ಸಂದರ್ಭಗಳಲ್ಲಿ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಅವಧಿ ದೀರ್ಘವಾದಷ್ಟೂ ಕ್ಲಿಪ್ಪಿನ ಸುತ್ತ ಆಹಾರದ ಕಣಗಳು ನಿಂತು ಹಲ್ಲಿನ ಮೇಲೆ ಬಿಳಿಯ ಕಲೆಗಳು ಮೂಡುವ, ಹುಳುಕು ಹತ್ತುವ, ವಸಡು ಊದಿಕೊಳ್ಳುವ ಮತ್ತು ಬೇರು ಗಿಡ್ಡವಾಗುವ ಸಾಧ್ಯತೆಗಳು ಹೆಚ್ಚುತ್ತವೆ. ದೀರ್ಘ ಅವಧಿಯಿಂದ ಬೇಸತ್ತು ಚಿಕಿತ್ಸೆಯನ್ನು ನಡುವೆಯೇ ಕೈಬಿಡುವವರೂ ಇದ್ದಾರೆ.

ಬೆಳೆಯುವ ಮಕ್ಕಳಿಗೆ ಹೋಲಿಸಿದರೆ ವಯಸ್ಕರ ಮೂಳೆ ಹೆಚ್ಚು ಗಡುಸಾಗಿದ್ದು, ಅದರ ಜೀವಕೋಶ ಚಟುವಟಿಕೆ ನಿಧಾನವಾಗಿರುತ್ತದೆ. ಉದ್ಯೋಗ, ವಿವಾಹ, ವರ್ಗಾವಣೆ, ವಿದೇಶ ಪ್ರಯಾಣ ಇತ್ಯಾದಿ ಕಾರಣಗಳಿಂದ ಚಿಕಿತ್ಸೆ ಬೇಗ ಮುಗಿಯಬೇಕೆಂದು ಬಯಸುವವರೂ ಹೆಚ್ಚಾಗಿ ವಯಸ್ಕರೇ. ಆದುದರಿಂದ ಈ ವಿಧಾನಗಳ ಬಹುಪಾಲು ಬಳಕೆಯೂ ಅಧ್ಯಯನವೂ ವಯಸ್ಕ ರೋಗಿಗಳನ್ನು ಕುರಿತೇ ನಡೆದಿವೆ.

ಇತಿಹಾಸ

ಮೂಳೆಯನ್ನು ಕತ್ತರಿಸಿ ಹಲ್ಲಿನ ಚಲನೆಗೆ ದಾರಿ ಮಾಡುವ ಆಲೋಚನೆ ಹೊಸದಲ್ಲ. 19ನೆಯ ಶತಮಾನದ ಕೊನೆಯ ದಶಕದಲ್ಲಿಯೇ ಇಂತಹ ಪ್ರಯತ್ನಗಳು ದಾಖಲಾಗಿವೆ. ಆದರೆ ಅದಕ್ಕೊಂದು ಕ್ರಮಬದ್ಧ ರೂಪ ಕೊಟ್ಟವರು ಹೈನ್ರಿಕ್ ಕೋಲೆ. ಅವರು 1959ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಹಲ್ಲುಗಳ ನಡುವೆ ಗಟ್ಟಿಮೂಳೆಯಲ್ಲಿ ಲಂಬವಾದ ಗೀರುಗಳನ್ನು ಕೊರೆದು, ಬೇರಿನ ತುದಿಗಳ ಆಚೆಗೆ ಅಡ್ಡಲಾಗಿ ಮೂಳೆಯನ್ನು ಪೂರ್ಣವಾಗಿ ಕತ್ತರಿಸುವ ವಿಧಾನವನ್ನು ವಿವರಿಸಿದರು. ಮುಖ್ಯ ಚಲನೆಗಳು 6ರಿಂದ 12 ವಾರಗಳಲ್ಲಿ ಮುಗಿಯುತ್ತವೆಂದು ಅವರು ವರದಿ ಮಾಡಿದರು. ಗಟ್ಟಿಯಾದ ಹೊರಪದರವೇ ಹಲ್ಲಿನ ಚಲನೆಗೆ ಮುಖ್ಯ ತಡೆ, ಅದನ್ನು ಕತ್ತರಿಸಿದರೆ ಹಲ್ಲು ತನ್ನ ಸುತ್ತಲಿನ ಮೂಳೆಯ ತುಂಡಿನೊಂದಿಗೆ ಒಂದೇ ಘಟಕವಾಗಿ ಸರಿಯುತ್ತದೆ ಎಂಬುದು ಕೋಲೆಯವರ ಕಲ್ಪನೆಯಾಗಿತ್ತು. ಈ 'ಮೂಳೆಯ ತುಂಡು' ಸಿದ್ಧಾಂತವು ಸುಮಾರು ನಾಲ್ಕು ದಶಕಗಳ ಕಾಲ ಪ್ರಚಲಿತವಾಗಿತ್ತು. ಆದರೆ ಶಸ್ತ್ರಕ್ರಿಯೆ ದೊಡ್ಡದಾಗಿದ್ದುದರಿಂದ ವಿಧಾನವು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ.

1991ರಲ್ಲಿ ಜಪಾನಿನ ಸುಯಾ ಅವರು ಅಡ್ಡ ಕತ್ತರಿಕೆಯನ್ನು ಕೈಬಿಟ್ಟು, ಅಲ್ಲಿಯೂ ಹೊರಪದರದ ಗೀರನ್ನು ಮಾತ್ರ ಉಳಿಸಿಕೊಂಡು, 395 ವಯಸ್ಕ ರೋಗಿಗಳ ಅನುಭವವನ್ನು ವರದಿ ಮಾಡಿದರು. ಇದರಿಂದ ಶಸ್ತ್ರಕ್ರಿಯೆಯ ತೀವ್ರತೆ ಗಣನೀಯವಾಗಿ ತಗ್ಗಿತು.

ವಿಷಯಕ್ಕೆ ಹೊಸ ತಿರುವು ದೊರೆತದ್ದು 2001ರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಈರಿ ನಗರದ ಸಹೋದರರಾದ ವಿಲಿಯಂ ವಿಲ್ಕೊ ಮತ್ತು ಥಾಮಸ್ ವಿಲ್ಕೊ ಇಬ್ಬರು ರೋಗಿಗಳ ವರದಿಯನ್ನು ಪ್ರಕಟಿಸಿದರು. ವಿಲಿಯಂ ವಕ್ರದಂತ ಚಿಕಿತ್ಸಕರು, ಥಾಮಸ್ ವಸಡಿನ ತಜ್ಞರು. ಒತ್ತೊತ್ತಾಗಿದ್ದ ಹಲ್ಲುಗಳನ್ನು ಅವರು ಆರೇಳು ತಿಂಗಳೊಳಗೆ ಸಾಲುಗೂಡಿಸಿದ್ದರು. ಸಿ.ಟಿ. ಸ್ಕ್ಯಾನ್ ಚಿತ್ರಗಳನ್ನು ಪರಿಶೀಲಿಸಿದಾಗ ಮೂಳೆಯ ತುಂಡುಗಳು ಸರಿದ ಕುರುಹು ಅವರಿಗೆ ಕಾಣಲಿಲ್ಲ. ಬದಲಾಗಿ, ಗೀರು ಹಾಕಿದ ಪ್ರದೇಶದಲ್ಲಿ ಮೂಳೆಯ ಖನಿಜಾಂಶ ತಾತ್ಕಾಲಿಕವಾಗಿ ಇಳಿದು, ಕಾಲಾನಂತರ ಮರಳಿ ತುಂಬಿಕೊಂಡಿರುವುದು ಕಂಡಿತು. ಹೀಗೆ ಕೋಲೆಯವರ ಯಾಂತ್ರಿಕ ವಿವರಣೆಯ ಸ್ಥಾನವನ್ನು ಜೈವಿಕ ವಿವರಣೆಯೊಂದು ಆಕ್ರಮಿಸಿತು. ವಿಧಾನವು ಕೆಲಸ ಮಾಡುತ್ತಿದ್ದುದು ನಿಜವಾದರೂ, ಅದಕ್ಕೆ ಕೊಟ್ಟಿದ್ದ ಕಾರಣ ತಪ್ಪಾಗಿತ್ತು.

ಪ್ರಾದೇಶಿಕ ವೇಗವರ್ಧನೆಯ ವಿದ್ಯಮಾನ

ವಿಲ್ಕೊ ಸಹೋದರರ ವಿವರಣೆಗೆ ಆಧಾರವಾದುದು ಅಮೆರಿಕದ ಮೂಳೆತಜ್ಞ ಹೆರಾಲ್ಡ್ ಫ್ರಾಸ್ಟ್ ಅವರು 1980ರ ದಶಕದ ಆರಂಭದಲ್ಲಿ ವಿವರಿಸಿದ 'ಪ್ರಾದೇಶಿಕ ವೇಗವರ್ಧನೆಯ ವಿದ್ಯಮಾನ'. ಮುರಿದ ಮೂಳೆಗಳು ಕೂಡಿಕೊಳ್ಳುವ ರೀತಿಯನ್ನು ಅಭ್ಯಸಿಸುತ್ತಿದ್ದ ಫ್ರಾಸ್ಟ್ ಅವರು, ಗಾಯಗೊಂಡ ಮೂಳೆಯ ಸುತ್ತಲಿನ ಪ್ರದೇಶದಲ್ಲಿ ಜೀವಕೋಶಗಳ ಚಟುವಟಿಕೆಯು ಸಾಮಾನ್ಯ ಮಟ್ಟಕ್ಕಿಂತ ಹಲವು ಪಟ್ಟು ಹೆಚ್ಚುವುದನ್ನು ಗುರುತಿಸಿದರು. ಗಾಯವಾದ ಕೆಲವೇ ದಿನಗಳಲ್ಲಿ ಇದು ಆರಂಭವಾಗಿ, ಒಂದೆರಡು ತಿಂಗಳುಗಳಲ್ಲಿ ಉಚ್ಚ ಸ್ಥಿತಿಗೆ ತಲುಪಿ, ಬಳಿಕ ಕ್ರಮೇಣ ಇಳಿಯುತ್ತದೆ.

ದವಡೆಯಲ್ಲಿಯೂ ಇದೇ ನಡೆಯುತ್ತದೆ. ಗಾಯದಿಂದ ಉಂಟಾದ ಉರಿಯೂತವು ಆಸ್ಟಿಯೋಕ್ಲಾಸ್ಟ್‌ಗಳನ್ನು ಹೆಚ್ಚು ಸಂಖ್ಯೆಯಲ್ಲಿ ಕರೆತರುತ್ತದೆ. ಮೂಳೆಯ ಸಾಂದ್ರತೆ ತಾತ್ಕಾಲಿಕವಾಗಿ ತಗ್ಗುತ್ತದೆ. ಬೇಸಿಗೆಯ ಒಣನೆಲದಲ್ಲಿ ಹೂತ ಗೂಟವನ್ನು ಅಲುಗಿಸುವುದು ಕಷ್ಟ, ನೆಲಕ್ಕೆ ನೀರು ಹನಿಸಿದ ಮೇಲೆ ಅದೇ ಗೂಟ ಸುಲಭವಾಗಿ ಸರಿಯುತ್ತದೆ, ನೆಲ ಆರಿದೊಡನೆ ಮತ್ತೆ ಬಿಗಿಯಾಗುತ್ತದೆ. ಮೂಳೆಯ ಸ್ಥಿತಿಯೂ ಹೆಚ್ಚುಕಡಿಮೆ ಹಾಗೆಯೇ. ಹಲ್ಲಿನ ವೇಗ ಹೆಚ್ಚಿರುವ ಕಾಲಾವಕಾಶವು ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳು ಮಾತ್ರ. ಈ ಒಂದು ಸಂಗತಿಯು ಚಿಕಿತ್ಸೆಯ ಯೋಜನೆಯನ್ನೂ ಅದರ ಮಿತಿಯನ್ನೂ ನಿರ್ಧರಿಸುತ್ತದೆ.

ವಿಧಾನಗಳು

ಕಾರ್ಟಿಕಾಟಮಿ: ಸ್ಥಳೀಯ ಅರಿವಳಿಕೆ ಕೊಟ್ಟು, ವಸಡನ್ನು ಮೂಳೆಯಿಂದ ಬಿಡಿಸಿ ಮೇಲೆತ್ತಿ, ಹಲ್ಲುಗಳ ನಡುವಿನ ಗಟ್ಟಿಮೂಳೆಯ ಹೊರಪದರದಲ್ಲಿ ಗೀರು ಅಥವಾ ಕುಳಿಗಳನ್ನು ಕೊರೆಯಲಾಗುತ್ತದೆ. ಗೀರು ಒಳಗಿನ ಜಾಲರಿಮೂಳೆಯನ್ನು ಮುಟ್ಟುವಷ್ಟೇ ಆಳಕ್ಕೆ ಇಳಿಯುತ್ತದೆ. ಬಳಿಕ ವಸಡನ್ನು ಹೊಲಿದು ಮುಚ್ಚಲಾಗುತ್ತದೆ. ವಿಲ್ಕೊ ಸಹೋದರರ ವಿಧಾನದಲ್ಲಿ, ಹೊಲಿಯುವ ಮೊದಲು ಗೀರುಗಳ ಮೇಲೆ ಪುಡಿರೂಪದ ಮೂಳೆಕಸಿಯನ್ನು ಹರಡುತ್ತಾರೆ. ತೆಳುವಾದ ಮೂಳೆಯ ದಪ್ಪವನ್ನು ಹೆಚ್ಚಿಸಿ, ಹಲ್ಲುಗಳನ್ನು ಹೊರಬದಿಗೆ ಸರಿಸಲು ಜಾಗ ಒದಗಿಸುವುದು ಕಸಿಯ ಉದ್ದೇಶ. ಇದರಿಂದ ಕೆಲವರಲ್ಲಿ ಜಾಗಕ್ಕಾಗಿ ಹಲ್ಲು ಕೀಳುವುದನ್ನು ತಪ್ಪಿಸಬಹುದೆಂದು ಅವರ ಅಭಿಪ್ರಾಯ.

ಪೀಜೋಸಿಷನ್: ಬಾಸ್ಟನ್ ವಿಶ್ವವಿದ್ಯಾಲಯದ ಸರ್ಜ್ ಡಿಬಾರ್ಟ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಇದನ್ನು ವಿವರಿಸಿದರು. ವಸಡನ್ನು ಬಿಡಿಸುವ ಬದಲು ಹಲ್ಲುಗಳ ನಡುವೆ ಸಣ್ಣ ಲಂಬ ಸೀಳುಗಳನ್ನು ಮಾಡಿ, ಅವುಗಳ ಮೂಲಕ ಪೀಜೋ ಉಪಕರಣದ ತುದಿಯನ್ನು ತೂರಿಸಿ ಮೂಳೆಯಲ್ಲಿ ಸುಮಾರು 3 ಮಿಲಿಮೀಟರ್ ಆಳದ ಗೀರು ಹಾಕಲಾಗುತ್ತದೆ. ಈ ಉಪಕರಣವು ಶ್ರವಣಾತೀತ ಕಂಪನದಿಂದ ಗಟ್ಟಿಯಾದ ಮೂಳೆಯನ್ನು ಕತ್ತರಿಸುತ್ತದೆ. ವಸಡು, ರಕ್ತನಾಳಗಳಂತಹ ಮೃದು ಅಂಗಾಂಶಗಳಿಗೆ ತಿರುಗುವ ಬೈರಿಗೆಗಿಂತ ಕಡಿಮೆ ಹಾನಿ ಮಾಡುತ್ತದೆ.

ಕಾರ್ಟಿಸಿಷನ್: ಕೊರಿಯಾದಲ್ಲಿ ರೂಪುಗೊಂಡ ಈ ವಿಧಾನದಲ್ಲಿ ವಸಡನ್ನು ಎತ್ತದೆ, ಬಲಪಡಿಸಿದ ಶಸ್ತ್ರದ ಅಲಗನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಮೂಳೆಯೊಳಕ್ಕೆ ಇಳಿಸಲಾಗುತ್ತದೆ. ಎಚ್ಚರವಿರುವ ರೋಗಿಗೆ ಸುತ್ತಿಗೆಯ ಪೆಟ್ಟು ಹಿತಕರವಲ್ಲ.

ಸೂಕ್ಷ್ಮ ಮೂಳೆರಂಧ್ರ ವಿಧಾನ: ಇದರಲ್ಲಿ ವಸಡನ್ನು ಸೀಳುವುದೂ ಇಲ್ಲ, ಹೊಲಿಯುವುದೂ ಇಲ್ಲ. ತಿರುಪಿನಂತಹ ಕೈ ಉಪಕರಣದಿಂದ ಅಥವಾ ಪುಟ್ಟ ಸ್ಕ್ರೂವಿನಿಂದ ವಸಡಿನ ಮೂಲಕವೇ ಮೂಳೆಯಲ್ಲಿ ಕೆಲವು ಮಿಲಿಮೀಟರ್ ಆಳದ ರಂಧ್ರಗಳನ್ನು ಮಾಡಲಾಗುತ್ತದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಅಲಿಖಾನಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಇದರ ಮಾನವ ಪ್ರಯೋಗವನ್ನು ಪ್ರಕಟಿಸಿದರು. ವಕ್ರದಂತ ಚಿಕಿತ್ಸಕರು ತಮ್ಮ ಕುರ್ಚಿಯಲ್ಲಿಯೇ ಇದನ್ನು ಮಾಡಬಹುದಾದ್ದರಿಂದ ವಿಧಾನವು ಬೇಗ ಜನಪ್ರಿಯವಾಯಿತು.

ಲಿಗಮೆಂಟ್ ಹಿಗ್ಗಿಸುವ ವಿಧಾನ: ತೈವಾನಿನ ಲಿಯು ಮತ್ತು ಹುವಾಂಗ್ ಅವರು 1998ರಲ್ಲಿ ವಿವರಿಸಿದ ಈ ವಿಧಾನವು ಕೋರೆಹಲ್ಲನ್ನು ಹಿಂದಕ್ಕೆ ಸರಿಸಲು ಮೀಸಲಾದುದು. ಪಕ್ಕದ ಮುಂದವಡೆ ಹಲ್ಲನ್ನು ಕಿತ್ತ ಕೂಡಲೇ ಕೋರೆಹಲ್ಲಿನ ಹಿಂದಿರುವ ಮೂಳೆಯ ಗೋಡೆಯನ್ನು ದುರ್ಬಲಗೊಳಿಸಿ, ತಿರುಪುಳ್ಳ ಸಾಧನದಿಂದ ಹಲ್ಲನ್ನು ದಿನದಿನವೂ ಸರಿಸಲಾಗುತ್ತದೆ. ಮೂರು ವಾರಗಳಲ್ಲಿ ಸುಮಾರು 6.5 ಮಿಲಿಮೀಟರ್ ಚಲನೆ ದೊರೆತುದಾಗಿ ಅವರು ವರದಿ ಮಾಡಿದರು.

ಚಿಕಿತ್ಸೆಯ ಕ್ರಮ

ಸಾಮಾನ್ಯವಾಗಿ ಶಸ್ತ್ರಕ್ರಿಯೆಗೆ ಸುಮಾರು ಒಂದು ವಾರ ಮೊದಲು ಕ್ಲಿಪ್ಪುಗಳನ್ನು ಅಂಟಿಸಿ, ಶಸ್ತ್ರಕ್ರಿಯೆಯಾದ ಕೂಡಲೇ ಅಥವಾ ಎರಡು ವಾರಗಳೊಳಗೆ ಬಲ ಪ್ರಯೋಗವನ್ನು ಆರಂಭಿಸಲಾಗುತ್ತದೆ. ಎಂದಿನ ಚಿಕಿತ್ಸೆಯಲ್ಲಿ ರೋಗಿಯು ನಾಲ್ಕರಿಂದ ಆರು ವಾರಗಳಿಗೊಮ್ಮೆ ವೈದ್ಯರನ್ನು ಕಂಡರೆ ಸಾಕಾಗುತ್ತದೆ. ಇಲ್ಲಿ ಸುಮಾರು ಎರಡು ವಾರಗಳಿಗೊಮ್ಮೆ ಬಂದು ತಂತಿಯನ್ನು ಸರಿಪಡಿಸಿಕೊಳ್ಳಬೇಕು. ಮೂಳೆ ಮೆದುವಾಗಿರುವ ಕಾಲವನ್ನು ಪೂರ್ಣವಾಗಿ ಬಳಸಿಕೊಳ್ಳದಿದ್ದರೆ ಶಸ್ತ್ರಕ್ರಿಯೆ ಮಾಡಿಸಿಕೊಂಡೂ ಫಲವಿಲ್ಲದಂತಾಗುತ್ತದೆ. ದೂರದ ಊರಿನಿಂದ ಬರುವವರು, ರಜೆ ಸಿಗದ ಉದ್ಯೋಗಿಗಳು ಈ ಅಂಶವನ್ನು ಮೊದಲೇ ಯೋಚಿಸಬೇಕಾಗುತ್ತದೆ.

ಶಸ್ತ್ರಕ್ರಿಯೆಯ ಅನಂತರದ ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ಐಬುಪ್ರೊಫೆನ್ ಮುಂತಾದ ಉರಿಯೂತ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ಬಳಸದಂತೆ ಸೂಚಿಸುವುದು ರೂಢಿ. ಹಲ್ಲು ಬೇಗ ಜರುಗಲು ಕಾರಣವಾದದ್ದೇ ಉರಿಯೂತವಾದ್ದರಿಂದ ಅದನ್ನು ಅಡಗಿಸಿದರೆ ಚಲನೆಯೂ ಕುಂಠಿತವಾಗಬಹುದು.

ಪುರಾವೆಗಳು

ಈ ವಿಧಾನಗಳ ಬಗೆಗಿನ ಅಧ್ಯಯನಗಳು ಹಲವಿದ್ದರೂ ಬಹುತೇಕವು ಚಿಕ್ಕವು. ಒಂದೇ ಬಾಯಿಯ ಒಂದು ಬದಿಯಲ್ಲಿ ಶಸ್ತ್ರಕ್ರಿಯೆ ಮಾಡಿ, ಇನ್ನೊಂದು ಬದಿಯನ್ನು ಹಾಗೆಯೇ ಬಿಟ್ಟು, ಎರಡೂ ಕಡೆ ಕೋರೆಹಲ್ಲು ಸರಿಯುವ ವೇಗವನ್ನು ಅಳೆಯುವುದು ಸಾಮಾನ್ಯ ಕ್ರಮ. ಅಲಿಖಾನಿ ತಂಡದ ಪ್ರಯೋಗದಲ್ಲಿ 28 ದಿನಗಳ ಅವಧಿಯಲ್ಲಿ ವೇಗವು 2.3 ಪಟ್ಟು ಹೆಚ್ಚಿತ್ತು. ಆದರೆ ಜೋರ್ಡಾನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ರಂಧ್ರ ಮಾಡಿದ ಬದಿಗೂ ಮಾಡದ ಬದಿಗೂ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಬೆಲ್ಜಿಯಂನ ಶರಾವೆ ಮತ್ತು ಸಹೋದ್ಯೋಗಿಗಳು 24 ವಯಸ್ಕರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೀಜೋಸಿಷನ್ ಮಾಡಿಸಿಕೊಂಡವರ ಒಟ್ಟು ಚಿಕಿತ್ಸಾವಧಿಯು 43 ಶೇಕಡಾ ಕಡಿಮೆಯಾಗಿತ್ತು. ಅದೇ ಪ್ರಯೋಗದಲ್ಲಿ ಪೀಜೋಸಿಷನ್ ಗುಂಪಿನ ಅರ್ಧದಷ್ಟು ಜನರ ವಸಡಿನ ಮೇಲೆ ಗಾಯದ ಗುರುತುಗಳು ಉಳಿದುದೂ ದಾಖಲಾಗಿದೆ.

ಕಾಕ್ರೇನ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಿಯಮಗಳಿಗೆ ಒಪ್ಪುವ ಅಧ್ಯಯನಗಳು ದೊರೆತದ್ದು ನಾಲ್ಕು ಮಾತ್ರ. ಅವುಗಳಲ್ಲಿ ಭಾಗವಹಿಸಿದವರು ಒಟ್ಟು 57 ಜನ. ಚಲನೆಯ ವೇಗ ಸ್ವಲ್ಪ ಹೆಚ್ಚುವಂತೆ ತೋರಿದರೂ ಪುರಾವೆಯ ಗುಣಮಟ್ಟ ಕೆಳಮಟ್ಟದ್ದೆಂದು ಸಮೀಕ್ಷಕರು ನಿರ್ಣಯಿಸಿದರು.

ವೇಗ ಹೆಚ್ಚುವುದಕ್ಕೂ ಒಟ್ಟು ಅವಧಿ ಕಡಿಮೆಯಾಗುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಮುಂದವಡೆ ಹಲ್ಲನ್ನು ಕಿತ್ತ ಜಾಗ 7 ಮಿಲಿಮೀಟರ್ ಇದೆಯೆಂದು ಭಾವಿಸೋಣ. ತಿಂಗಳಿಗೆ 1 ಮಿಲಿಮೀಟರಿನಂತೆ ಅದನ್ನು ಮುಚ್ಚಲು 7 ತಿಂಗಳು ಬೇಕು. ಶಸ್ತ್ರಕ್ರಿಯೆಯಿಂದ ಮೊದಲ 3 ತಿಂಗಳು ವೇಗ ಇಮ್ಮಡಿಯಾದರೆ 6 ಮಿಲಿಮೀಟರ್ ಮುಗಿಯುತ್ತದೆ, ಉಳಿದ 1 ಮಿಲಿಮೀಟರಿಗೆ ಇನ್ನೊಂದು ತಿಂಗಳು. ಒಟ್ಟು 4 ತಿಂಗಳು, ಉಳಿತಾಯ 3 ತಿಂಗಳು. ಆದರೆ ಎರಡು ವರ್ಷದ ಚಿಕಿತ್ಸೆಯಲ್ಲಿ ಜಾಗ ಮುಚ್ಚುವುದು ಒಂದು ಹಂತ ಮಾತ್ರ. ಬೇರುಗಳನ್ನು ನೆಟ್ಟಗೆ ನಿಲ್ಲಿಸುವುದು, ಮೇಲಿನ ಮತ್ತು ಕೆಳಗಿನ ಹಲ್ಲುಗಳ ಕಚ್ಚುವಿಕೆಯನ್ನು ಹೊಂದಿಸುವುದು ಮುಂತಾದ ಕೊನೆಯ ಹಂತದ ಕೆಲಸಗಳ ಹೊತ್ತಿಗೆ ಮೂಳೆ ಮತ್ತೆ ಗಟ್ಟಿಯಾಗಿರುತ್ತದೆ. ಹೀಗಾಗಿ ವೇಗ ಇಮ್ಮಡಿಯಾಯಿತೆಂದರೆ ಚಿಕಿತ್ಸೆ ಅರ್ಧ ಕಾಲದಲ್ಲಿ ಮುಗಿಯಿತೆಂದು ಅರ್ಥವಲ್ಲ.

ಅಪಾಯಗಳು ಮತ್ತು ನಿಷೇಧಗಳು

ನೋವು, ಊತ ಮತ್ತು ರಕ್ತ ಹೆಪ್ಪುಗಟ್ಟಿ ಚರ್ಮದಡಿ ಕಪ್ಪಾಗುವುದು ಸಾಮಾನ್ಯ ತೊಂದರೆಗಳು. ಇವು ಕೆಲವು ದಿನಗಳಲ್ಲಿ ಶಮನವಾಗುತ್ತವೆ. ವಸಡು ಕೆಳಸರಿದು ಬೇರು ಕಾಣಿಸಿಕೊಳ್ಳುವುದು, ಹಲ್ಲುಗಳ ನಡುವಿನ ಮೂಳೆ ಸವೆಯುವುದು, ಗೀರು ಹಾಕುವಾಗ ಬೇರಿಗೆ ಪೆಟ್ಟಾಗುವುದು ಗಂಭೀರವಾದವು. ವಸಡನ್ನು ಎತ್ತದೆ ಮಾಡುವ ವಿಧಾನಗಳಲ್ಲಿ ಗಾಯ ಚಿಕ್ಕದಾದರೂ ವೈದ್ಯರಿಗೆ ಬೇರು ನೇರವಾಗಿ ಕಾಣುವುದಿಲ್ಲ. ಆದುದರಿಂದ ಬೇರುಗಳ ನಡುವಿನ ಅಂತರವನ್ನು ಎಕ್ಸ್‌-ರೇ ಅಥವಾ ಸ್ಕ್ಯಾನ್ ಮೂಲಕ ಮೊದಲೇ ಅಳೆಯಬೇಕಾಗುತ್ತದೆ.

ವಸಡಿನ ಕಾಯಿಲೆ ವಾಸಿಯಾಗದೆ ಉಳಿದಿರುವವರು, ಮೂಳೆಸವೆತ ಅಥವಾ ಕ್ಯಾನ್ಸರಿಗಾಗಿ ಬಿಸ್‌ಫಾಸ್ಫೊನೇಟ್ ಔಷಧಿ ಪಡೆಯುತ್ತಿರುವವರು, ದೀರ್ಘಕಾಲದಿಂದ ಸ್ಟಿರಾಯ್ಡ್ ಸೇವಿಸುತ್ತಿರುವವರು ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಉಳ್ಳವರು ಈ ಶಸ್ತ್ರಕ್ರಿಯೆಗೆ ಅರ್ಹರಲ್ಲ. ಧೂಮಪಾನ ಮಾಡುವವರಲ್ಲಿ ಗಾಯ ಮಾಯುವುದು ತಡವಾಗುತ್ತದೆ.

ರೋಗಿಯ ಸಮ್ಮತಿ

ವಕ್ರದಂತವು ಪ್ರಾಣಾಪಾಯದ ರೋಗವಲ್ಲ. ಅದರ ಚಿಕಿತ್ಸೆ ಶಸ್ತ್ರಕ್ರಿಯೆ ಇಲ್ಲದೆಯೂ, ತುಸು ತಡವಾಗಿಯಾದರೂ, ಪೂರ್ಣಗೊಳ್ಳುತ್ತದೆ. ಇಲ್ಲಿ ಶಸ್ತ್ರಕ್ರಿಯೆಯಿಂದ ದೊರೆಯುವುದು ಸಮಯದ ಉಳಿತಾಯವೇ ಹೊರತು ಉತ್ತಮವಾದ ನಗುವಲ್ಲ. ಆ ಕಾರಣದಿಂದ ರೋಗಿಯ ತಿಳಿವಳಿಕೆಯುಳ್ಳ ಸಮ್ಮತಿಗೆ ವಿಶೇಷ ಮಹತ್ವವಿದೆ. ಎಷ್ಟು ತಿಂಗಳು ಉಳಿಯಬಹುದು, ಎಷ್ಟು ಸಲ ಹೆಚ್ಚಾಗಿ ಬರಬೇಕು, ಹೆಚ್ಚುವರಿ ವೆಚ್ಚ ಎಷ್ಟು, ರಂಧ್ರ ಅಥವಾ ಗೀರುಗಳನ್ನು ನಡುವೆ ಮತ್ತೆ ಮಾಡಬೇಕಾಗುತ್ತದೆಯೇ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಮೂಳೆಕಸಿ ಬಳಸುವುದಾದರೆ ಅದರ ಮೂಲವನ್ನೂ ಕೇಳಬೇಕು. ಕಸಿಯು ರೋಗಿಯ ಸ್ವಂತ ಮೂಳೆ, ಮಾನವ ದಾನಿಗಳ ಮೂಳೆ, ದನದ ಮೂಳೆ ಅಥವಾ ಕೃತಕ ವಸ್ತು ಆಗಿರಬಹುದು. ಧಾರ್ಮಿಕ ಅಥವಾ ವೈಯಕ್ತಿಕ ನಂಬಿಕೆಗಳ ಕಾರಣದಿಂದ ಇವುಗಳಲ್ಲಿ ಕೆಲವನ್ನು ಒಪ್ಪದವರಿಗೆ ಬೇರೆ ಆಯ್ಕೆಗಳಿವೆ.

ಚಿಕಿತ್ಸೆ ಬೇಗ ಮುಗಿದರೂ ನಿಧಾನವಾಗಿ ಮುಗಿದರೂ, ಹಲ್ಲುಗಳು ತಮ್ಮ ಹಳೆಯ ಸ್ಥಾನಕ್ಕೆ ಮರಳದಂತೆ ತಡೆಯುವ ರಿಟೇನರ್ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸಲೇಬೇಕು. ಈ ಹಂತವನ್ನು ಮೊಟಕುಗೊಳಿಸಬಲ್ಲ ಶಸ್ತ್ರಕ್ರಿಯೆ ಯಾವುದೂ ಬಳಕೆಯಲ್ಲಿಲ್ಲ.